ಎನ್‌ಟಿಎಫ್‌ಎಸ್ ಡಿಸ್ಕ್‌ನಿಂದ ಲಿನಕ್ಸ್‌ಗೆ ಕನ್ನಡ ಹೆಸರಿನ ಫೈಲುಗಳು ಹೋಗುತ್ತಿಲ್ಲ: "ಫೈಲ್ ನೇಮ್ ಟೂ ಲಾಂಗ್"

ಹಳೇಕಡತ

ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕ, ವರದಿಗಳೆಲ್ಲ 2 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿವೆ, ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್‌ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ). ಇದನ್ನು ಉಬುಂಟು ಸರ್ವರ್‌ನ ಎಕ್ಸ್‌ಟಿ4 (ಲಿನಕ್ಸ್‌ನ ಫೈಲ್‌ಸಿಸ್ಟಮ್) ಡಿಸ್ಕ್‌ಗೆ ಆರ್‌ಸಿಂಕ್ ಎಂಬ ನಕಲು ಪ್ರೋಗ್ರಾಮ್‌ನಿಂದ ಕಳಿಸಿದರೆ ಬಹುಪಾಲು ಫೈಲು ಸಲೀಸಾಗಿ ಹೋಗುತ್ತವೆ. ಕೆಲವಕ್ಕೆ ಮಾತ್ರ "ಫೈಲ್ ನೇಮ್ ಟೂ ಲಾಂಗ್" ಅಂತ ಬಂದು ಕೊನೆಯಲ್ಲಿ ಕೋಡ್ 23 ತೋರಿಸಿ ನಿಲ್ಲುತ್ತದೆ.

ಸಿಕ್ಕಿಬಿದ್ದ ಒಂದು ಹೆಸರು:

ಮೈಸೂರು ಸಂಸ್ಥಾನದ ಕೆರೆಗಳ ನಿರ್ವಹಣೆ ಮತ್ತು ಗ್ರಾಮಾಂತರ ನೀರಾವರಿ ವ್ಯವಸ್ಥೆಯ ಕುರಿತ ಟಿಪ್ಪಣಿಗಳು ಸಂಪುಟ 2 ಭಾಗ 1

ಇದರ ಹಿಂದೆ ಮಾಮೂಲಿ ಪಿಡಿಎಫ್ ಎಕ್ಸ್‌ಟೆನ್ಶನ್. ಎಷ್ಟು ಎಣಿಸಿದರೂ ನೂರು ದಾಟುವುದಿಲ್ಲ. ಎನ್‌ಟಿಎಫ್‌ಎಸ್‌ಗೂ ಎಕ್ಸ್‌ಟಿ4ಗೂ ಮಿತಿ 255 ಅಂತಲೇ ಎಲ್ಲ ಕಡೆ ಬರೆದಿರುತ್ತದೆ. ಇನ್ನೂ ವಿಚಿತ್ರ ಅಂದರೆ "ಭಾಗ 1" ತೆಗೆದರೆ ಹೋಗುತ್ತದೆ. ಡಿಸ್ಕ್ ಕೆಟ್ಟಿದೆಯೇ?

ಐನೋಡಪ್ಪ

ಡಿಸ್ಕ್ ಚೆನ್ನಾಗಿದೆ ಸರ್. ಎರಡೂ ಕಡೆ 255 ಅನ್ನೋದೂ ನಿಜ. ಆದರೆ ಎನ್‌ಟಿಎಫ್‌ಎಸ್ ಕಡೆ 255 ಅಂದರೆ ಯುಟಿಎಫ್-16 ಘಟಕಗಳು (ಒಂದೊಂದೂ 2 ಬೈಟ್), ಎಕ್ಸ್‌ಟಿ4 ಕಡೆ ಬರೀ ಬೈಟ್‌ಗಳು. ಇಂಗ್ಲಿಷ್ ಹೆಸರಿಗೆ ಎರಡೂ ಲೆಕ್ಕ ಒಂದೇ ಬರುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ.

ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯುನಿಕೋಡ್ ಒಂದೊಂದು ಚಿಹ್ನೆಗೆ ಕೊಟ್ಟ ಸಂಖ್ಯೆ) ಯುಟಿಎಫ್-8ರಲ್ಲಿ, ಅಂದರೆ ಲಿನಕ್ಸ್‌ನಲ್ಲಿ ಹೆಸರು ಬರೆಯೋ ರೀತಿಯಲ್ಲಿ, 3 ಬೈಟ್. ಕೋಡ್‌ಪಾಯಿಂಟ್ ಅಂದರೆ ನಾವು ಓದೋ ಅಕ್ಷರ ಅಲ್ಲ: ವ್ಯಂಜನ ಬೇರೆ, ವಿರಾಮ ಬೇರೆ, ಸ್ವರಚಿಹ್ನೆ ಬೇರೆ. "ಕರ್ನಾಟಕ" ಓದೋಕೆ ನಾಲ್ಕು ಅಕ್ಷರ, ಡಿಸ್ಕ್ ಮೇಲೆ 7 ಕೋಡ್‌ಪಾಯಿಂಟ್, 21 ಬೈಟ್. "ಸ್ತ್ರೀ" ಒಂದೇ ಅಕ್ಷರ, ಅದಕ್ಕೆ 6 ಕೋಡ್‌ಪಾಯಿಂಟ್, 18 ಬೈಟ್.

ನಿಮ್ಮ ಹೆಸರಿನ ಲೆಕ್ಕ: ಕನ್ನಡದ ಕೋಡ್‌ಪಾಯಿಂಟ್ 81, ಅಂದರೆ 243 ಬೈಟ್. ಖಾಲಿ ಜಾಗ, ಅಂಕಿ, ಚುಕ್ಕಿ, ಪಿಡಿಎಫ್ ಸೇರಿ 19 ಬೈಟ್. ಒಟ್ಟು 262. "ಭಾಗ 1" ತೆಗೆದರೆ ಅದರ ಹಿಂದಿನ ಖಾಲಿ ಜಾಗವೂ ಸೇರಿ 12 ಬೈಟ್ ಇಳಿದು 250 ಆಗುತ್ತೆ, ಹೋಗುತ್ತೆ. ವಿಂಡೋಸ್ ಲೆಕ್ಕದಲ್ಲಿ ಮೊದಲನೆಯದು 100 ಘಟಕ ಅಷ್ಟೇ, 255ರ ಅರ್ಧವೂ ಇಲ್ಲ.

ಅಂದಾಜಿಗೆ: ಎಕ್ಸ್‌ಟಿ4ರಲ್ಲಿ ಪಿಡಿಎಫ್ ಎಕ್ಸ್‌ಟೆನ್ಶನ್ ಬಿಟ್ಟು 83 ಕನ್ನಡ ಕೋಡ್‌ಪಾಯಿಂಟ್. ಒತ್ತಕ್ಷರ ಹೆಚ್ಚಿರುವ ಶೀರ್ಷಿಕೆ ಆದರೆ ಓದೋ ಅಕ್ಷರ ನಲವತ್ತರ ಆಸುಪಾಸಿಗೇ ಮುಗಿಯುತ್ತೆ.

ಪೆನ್‌ಡ್ರೈವ್_ಪುಟ್ಟ

255 ಅನ್ನೋ ಸಂಖ್ಯೆ ಎಲ್ಲಿಂದ ಬಂತು? 300 ಅಂತ ಇಟ್ಟಿದ್ದರೆ ಏನಾಗ್ತಿತ್ತು?

ಬೈಟು_ಕಾಫಿ

ಹೆಸರಿನ ಉದ್ದವನ್ನು ಬರೆದಿಡಲು ಎರಡೂ ಕಡೆ ಕೊಟ್ಟಿರುವುದು ಒಂದೇ ಒಂದು ಬೈಟ್. ಒಂದು ಬೈಟ್‌ನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255.

ಎಕ್ಸ್‌ಟಿ4ರಲ್ಲಿ ಫೋಲ್ಡರ್ ಅನ್ನುವುದೂ ಒಂದು ಫೈಲೇ. ಅದರೊಳಗೆ ಸಾಲು ಸಾಲಾಗಿ ನಮೂದುಗಳು. ಪ್ರತಿ ನಮೂದಿನಲ್ಲಿ ಐನೋಡ್ (ಫೈಲಿನ ವಿವರಗಳ ದಾಖಲೆ) ಸಂಖ್ಯೆಗೆ 4 ಬೈಟ್, ನಮೂದಿನ ಒಟ್ಟು ಉದ್ದಕ್ಕೆ 2, ಹೆಸರಿನ ಉದ್ದಕ್ಕೆ 1, ಇದು ಫೈಲೋ ಫೋಲ್ಡರೋ ಲಿಂಕೋ ಎಂಬುದಕ್ಕೆ 1, ಆಮೇಲೆ ಹೆಸರಿನ ಬೈಟ್‌ಗಳು. ಆ ಬೈಟ್‌ಗಳು ಕನ್ನಡವೋ ತಮಿಳೋ ಕಸವೋ ಎಂದು ಎಕ್ಸ್‌ಟಿ4 ಕೇಳುವುದೇ ಇಲ್ಲ. ಓರೆಗೆರೆ ಮತ್ತು ಸೊನ್ನೆ ಬೈಟ್ ಇರಬಾರದು, ಅಷ್ಟೇ ಅದರ ಷರತ್ತು.

ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಎಂಎಫ್‌ಟಿ ಎಂಬ ಮುಖ್ಯ ಪಟ್ಟಿಯಲ್ಲಿ ಒಂದು ದಾಖಲೆ, ಸಾಮಾನ್ಯವಾಗಿ 1024 ಬೈಟ್. ಅದರೊಳಗೆ ಹೆಸರು ಒಂದು ಗುಣಲಕ್ಷಣ. ಅಲ್ಲೂ ಉದ್ದಕ್ಕೆ ಒಂದೇ ಬೈಟ್, ಆದರೆ ಎಣಿಸುವುದು 2 ಬೈಟ್‌ನ ಘಟಕಗಳನ್ನು. ಹಾಗಾಗಿ ಹೆಸರಿಗೆ 510 ಬೈಟ್ ಸಿಗುತ್ತದೆ. ಅಷ್ಟೂ ಕನ್ನಡವೇ ಆಗಿದ್ದರೆ ಯುಟಿಎಫ್-8ಕ್ಕೆ ಬಂದಾಗ 765 ಬೈಟ್. ಎಕ್ಸ್‌ಟಿ4ರ ಮೂರು ಪಟ್ಟು.

ವಿಂಡೋಸ್‌ನಲ್ಲಿ ನಿಮ್ಮನ್ನು ಹಿಡಿಯುವುದು ಬೇರೆ ಮಿತಿ: ಪೂರ್ತಿ ಪಾತ್ 260 ಘಟಕ, ಡ್ರೈವ್ ಅಕ್ಷರದಿಂದ ಹಿಡಿದು ಕೊನೆಯ ಸೊನ್ನೆಯವರೆಗೆ. ವಿಂಡೋಸ್ 10ರ 1607 ಆವೃತ್ತಿಯಿಂದ ಇದನ್ನು ರಿಜಿಸ್ಟ್ರಿಯಲ್ಲಿ ಸಡಿಲಿಸಬಹುದು, ಆದರೆ ಪ್ರೋಗ್ರಾಮೂ ತನಗೆ ಉದ್ದದ ಪಾತ್ ಬರುತ್ತದೆಂದು ಘೋಷಿಸಿಕೊಂಡಿರಬೇಕು. ಎಕ್ಸ್‌ಪ್ಲೋರರ್ ಈಗಲೂ ತಕರಾರು ಮಾಡುತ್ತದೆ, ರೋಬೋಕಾಪಿ ಮಾಡುವುದಿಲ್ಲ.

ಹಳೇಕಡತ

ಅರ್ಥವಾಯಿತು, ಧನ್ಯವಾದ. ಹಾಗಾದರೆ ಸರ್ವರ್ ಡಿಸ್ಕ್ ಅನ್ನು ಬೇರೆ ಫೈಲ್‌ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದರೆ ಸಾಕಲ್ಲವೇ? ಡಿಸ್ಕ್ ಇನ್ನೂ ಖಾಲಿ ಇದೆ.

ಐನೋಡಪ್ಪ

ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎರಡೂ 255 ಬೈಟೇ. ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ 1023 ಬೈಟ್‌ವರೆಗೆ ಬಿಡೋ ಸೌಲಭ್ಯ ಬಂದಿದೆ. ಬೇಕು ಅಂದರೆ ನಾವೇ ಆನ್ ಮಾಡಬೇಕು. ನಾನಂತೂ ಮಾಡಲ್ಲ. ಎಷ್ಟೋ ಹಳೆಯ ಪ್ರೋಗ್ರಾಮುಗಳು ಹೆಸರಿಗೆ 256 ಬೈಟ್ ಜಾಗ ಇಟ್ಟುಕೊಂಡು ಕೂತಿರ್ತವೆ. ಇಲ್ಲಿ ಸರಿ ಹೋದರೂ ನಾಳೆ ಇನ್ನೊಂದು ಲಿನಕ್ಸ್ ಡಿಸ್ಕ್‌ಗೆ ಬ್ಯಾಕಪ್ ತೆಗೆಯುವಾಗ ಅದೇ ಗೋಡೆ.

ಇನ್ನೊಂದು ಎಚ್ಚರಿಕೆ. ಇಕ್ರಿಪ್ಟ್‌ಎಫ್‌ಎಸ್ ಬಳಸಿ ಫೋಲ್ಡರ್‌ಗೆ ಬೀಗ ಹಾಕಿದ್ದರೆ (ಕೆಲವು ನ್ಯಾಸ್, ಅಂದರೆ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆಗಳೂ ಇದನ್ನೇ ಬಳಸ್ತವೆ) ಹೆಸರಿನ ಮಿತಿ 143 ಬೈಟ್‌ಗೆ ಇಳಿಯುತ್ತೆ. ಕನ್ನಡಕ್ಕೆ 47 ಕೋಡ್‌ಪಾಯಿಂಟ್. "ಮೈಸೂರು ಸಂಸ್ಥಾನದ ಕೆರೆಗಳ ನಿರ್ವಹಣೆ" ಅನ್ನೋ ಹೊತ್ತಿಗೇ ಅರ್ಧಕ್ಕಿಂತ ಜಾಸ್ತಿ ಖರ್ಚು.

ಹುಬ್ಬಳ್ಳಿ_ಸರ್ವರ್

ಹೆಸರು ಸಣ್ಣದು ಮಾಡ್ರಿ, ಅದೊಂದ ದಾರಿ. ಪುಸ್ತಕದ ಪೂರ್ತಿ ವಿವರ ಫೈಲಿನ ಹೆಸರಿನೊಳಗ ತುಂಬೋದ ಮೂಲದ ತೊಂದರೆ ಐತ್ರಿ. ಒಂದು ಕ್ರಮಸಂಖ್ಯೆ ಇಡ್ರಿ, ಮುಂದ ಇಪ್ಪತ್ತು ಇಪ್ಪತ್ತೈದು ಅಕ್ಷರದ ಗಿಡ್ಡ ಶೀರ್ಷಿಕೆ: "00417 ಕೆರೆಗಳ ನಿರ್ವಹಣೆ ಸಂ2 ಭಾ1". ಪೂರ್ತಿ ಶೀರ್ಷಿಕೆ, ಲೇಖಕರು, ವರ್ಷ ಒಂದು ಸಿಎಸ್‌ವಿ ಪಟ್ಟಿಯೊಳಗ ಹೋಗ್ಲಿ.

ಮೊದಲ ಯಾವ್ಯಾವು ಮಿತಿ ದಾಟ್ತಾವ ನೋಡ್ರಿ. ಪೈಥಾನ್‌ನ್ಯಾಗ ಓಎಸ್ ವಾಕ್‌ನಿಂದ ಒಂದೊಂದ ಹೆಸರು ತಗೊಂಡು ಯುಟಿಎಫ್-8ಕ್ಕೆ ಎನ್‌ಕೋಡ್ ಮಾಡಿ ಉದ್ದ ಅಳೀರಿ. 255ಕ್ಕ ಅಲ್ಲ, 230ಕ್ಕ ಗೆರೆ ಎಳೀರಿ. ಬ್ಯಾಕಪ್ ಪ್ರೋಗ್ರಾಮುಗಳು ಬಾಲಕ್ಕ ದಿನಾಂಕ, "ಕಾಪಿ", "ಓಲ್ಡ್" ಅಂತ ಏನರ ಅಂಟಸ್ತಾವ, ಅದಕ್ಕೂ ಜಾಗ ಬೇಕಲ್ಲರಿ.

ಮತ್ತ ಒಂದು: 255ನೇ ಬೈಟಿಗೆ ಕಣ್ಣುಮುಚ್ಚಿ ಕತ್ತರಿ ಹಾಕೋ ಸ್ಕ್ರಿಪ್ಟ್ ಬ್ಯಾಡ್ರಿ. 3 ಬೈಟ್‌ನ ನಡುವ ಕತ್ತರಿ ಬಿದ್ರ ಹೆಸರಿನ ಕೊನೀಗೆ ಪ್ರಶ್ನೆಚಿಹ್ನೆಯ ಚೌಕ ಬರ್ತದ. ಅದನ್ನ ತಿರುಗಿ ವಿಂಡೋಸ್ ಡಿಸ್ಕ್‌ಗೆ ಒಯ್ಯಾಕ ಬರೂದಿಲ್ಲ. ವಿರಾಮದ ಮ್ಯಾಲ ಕತ್ತರಿ ಬಿದ್ರ "ನಿರ್ವಹಣೆ" ಹೋಗಿ "ನಿರ್" ಉಳೀತದ. ಇವೆರಡಕ್ಕಿಂತ ಕೆಟ್ಟದ್ದು, "ಭಾಗ 1", "ಭಾಗ 2" ಇರೋದ ಬಾಲದಾಗ. ಬಾಲ ಕತ್ತರಿಸಿದ್ರ ಎರಡೂ ಒಂದ ಹೆಸರಾಗಿ ಎರಡನೇದು ಮೊದಲನೇದರ ಮ್ಯಾಲ ಕೂತು ಬಿಡ್ತದ. ಎಚ್ಚರಿಕೆ ಸಂದೇಶ ಸೈತ ಬರೂದಿಲ್ಲ.

ಹಳೇಕಡತ

ಒಪ್ಪುತ್ತೇನೆ. ಆದರೆ ಓದುಗರು ಫೋಲ್ಡರ್ ತೆರೆದು ಹೆಸರಿನಿಂದಲೇ ಹುಡುಕುತ್ತಾರೆ, ಸಿಎಸ್‌ವಿ ಯಾರೂ ತೆರೆಯುವುದಿಲ್ಲ. ಶೀರ್ಷಿಕೆಯನ್ನು ಫೈಲಿಗೇ ಅಂಟಿಸಿಡುವ ಉಪಾಯ ಇಲ್ಲವೇ? ಇನ್ನೊಂದು ಅನುಮಾನ: 1.2 ಟಿಬಿಯಷ್ಟು ಫೈಲುಗಳ ಹೆಸರು ಬದಲಿಸಲು ಎಷ್ಟು ಹೊತ್ತು ಹಿಡಿಯಬಹುದು?

ಬೈಟು_ಕಾಫಿ

ಎರಡನೆಯದು ಮೊದಲು. ಗಾತ್ರಕ್ಕೂ ಹೆಸರು ಬದಲಿಸುವುದಕ್ಕೂ ಸಂಬಂಧವಿಲ್ಲ. 40 ಜಿಬಿಯ ಫೈಲಿಗೂ 40 ಬೈಟಿನ ಫೈಲಿಗೂ ಒಂದೇ ಹೊತ್ತು.

ಫೈಲಿನ ಗಾತ್ರ, ಮಾಲೀಕ, ಅನುಮತಿ, ಸಮಯ, ಮಾಹಿತಿ ಡಿಸ್ಕ್‌ನ ಯಾವ ಬ್ಲಾಕ್‌ಗಳಲ್ಲಿದೆ ಎಂಬ ನಕ್ಷೆ ಎಲ್ಲ ಐನೋಡ್‌ನಲ್ಲಿರುತ್ತವೆ. ಹೆಸರು ಮಾತ್ರ ಅಲ್ಲಿಲ್ಲ. ಜಮೀನಿನ ಲೆಕ್ಕದಲ್ಲಿ ಹೇಳುವುದಾದರೆ ಐನೋಡ್ ಸರ್ವೆ ನಂಬರ್. ಊರವರು ಅದೇ ಹೊಲವನ್ನು ದೊಡ್ಡಹೊಲ ಎಂದರೂ ಕೆರೆಹಿಂದಿನ ಹೊಲ ಎಂದರೂ ಬಾಂದುಕಲ್ಲು ಅಲುಗುವುದಿಲ್ಲ. ಒಂದೇ ಐನೋಡ್‌ಗೆ ಎರಡು ಹೆಸರೂ ಇರಬಹುದು, ಅದೇ ಹಾರ್ಡ್‌ಲಿಂಕ್. ಎಷ್ಟು ಹೆಸರಿವೆ ಎಂಬ ಲೆಕ್ಕ ಐನೋಡ್‌ನಲ್ಲಿರುತ್ತದೆ. ಅಳಿಸುವುದು ಎಂದರೆ ಒಂದು ಹೆಸರನ್ನು ಕಿತ್ತು ಆ ಲೆಕ್ಕದಿಂದ ಒಂದು ಕಳೆಯುವುದು.

ಒಂದೇ ಡಿಸ್ಕ್‌ನ ಒಂದೇ ಪಾರ್ಟಿಶನ್ ಒಳಗೆ ಫೋಲ್ಡರ್‌ನಿಂದ ಫೋಲ್ಡರ್‌ಗೆ ಸಾಗಿಸಿದರೂ ಬದಲಾಗುವುದು ನಮೂದು ಮಾತ್ರ. ಪಾರ್ಟಿಶನ್ ದಾಟಿದರೆ ಕಥೆ ಬೇರೆ: ಪೂರ್ತಿ ನಕಲಾಗಿ ಆಮೇಲೆ ಹಳೆಯದು ಅಳಿಯುತ್ತದೆ, ಅರ್ಧಕ್ಕೆ ಕರೆಂಟ್ ಹೋದರೆ ಅರ್ಧರ್ಧ ಎರಡು ಕಡೆ. ಆದ್ದರಿಂದ ಹೆಸರನ್ನು ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲೇ ಬದಲಿಸಿ, ಹಳೆ ಹೆಸರು ಹೊಸ ಹೆಸರಿನ ಪಟ್ಟಿ ಉಳಿಸಿಕೊಂಡು, ಆಮೇಲೆ ನಕಲಿಸಿ.

ಶೀರ್ಷಿಕೆ ಅಂಟಿಸಲು ಎಕ್ಸ್‌ಟಿ4ರಲ್ಲಿ ಹೆಚ್ಚುವರಿ ಗುಣಲಕ್ಷಣ ಎಂಬ ವ್ಯವಸ್ಥೆ ಇದೆ. 256 ಬೈಟ್‌ನ ಐನೋಡ್‌ನಲ್ಲಿ ಉಳಿದ ಚೂರು ಜಾಗ, ಸಾಲದಿದ್ದರೆ ಇನ್ನೊಂದು 4 ಕೆಬಿ ಬ್ಲಾಕ್. ಕನ್ನಡ ಶೀರ್ಷಿಕೆಗೆ ಧಾರಾಳ. ಆದರೆ ಆರ್‌ಸಿಂಕ್‌ಗೆ ದೊಡ್ಡಕ್ಷರದ ಎಕ್ಸ್ ಆಯ್ಕೆ ಕೊಡದಿದ್ದರೆ ನಕಲಿನಲ್ಲಿ ಉದುರಿಹೋಗುತ್ತದೆ. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಹೋದರಂತೂ ಹೋಯಿತು, ಇಮೇಲ್‌ನಲ್ಲಿ ಕಳಿಸಿದರೂ ಹೋಯಿತು.

ಪಿಡಿಎಫ್‌ನ ಒಳಗೇ ಶೀರ್ಷಿಕೆಗೆ ಜಾಗವಿದೆ, ಅಲ್ಲಿ ಬರೆಯಿರಿ. ಎಕ್ಸಿಫ್‌ಟೂಲ್‌ಗೆ ಸಿಎಸ್‌ವಿ ಕೊಟ್ಟರೆ ಸಾಲಾಗಿ ತುಂಬಿಕೊಂಡು ಹೋಗುತ್ತದೆ. ಅದು ಮಾಹಿತಿಯ ಭಾಗ, ಯಾವ ಫೈಲ್‌ಸಿಸ್ಟಮ್‌ಗೆ ಹೋದರೂ ಜೊತೆಗೇ ಹೋಗುತ್ತದೆ. ಒಂದು ನೆನಪಿರಲಿ, ಹೀಗೆ ಬರೆದಾಗ ಫೈಲಿನ ಬೈಟ್‌ಗಳು ಬದಲಾಗುತ್ತವೆ. ಚೆಕ್‌ಸಮ್ (ಬೈಟ್‌ಗಳು ಬದಲಾಗಿವೆಯೇ ಎಂದು ತಿಳಿಯಲು ಲೆಕ್ಕ ಹಾಕಿದ ಗುರುತು) ತೆಗೆಯುವುದು ಇದರ ನಂತರ.

ಮಲೆನಾಡ_ಮ್ಯಾಕ್

ಐನೋಡಪ್ಪನವರ ಲೆಕ್ಕಕ್ಕೆ ಒಂದು ತಿದ್ದುಪಡಿ. "ಭಾಗ 1" ಇಲ್ಲದ ಹೆಸರು 250 ಬೈಟ್, ಹೋಗುತ್ತದೆ ಎಂದಿದ್ದೀರಿ. ಅದೇ ಫೈಲು ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್‌ನ ಹಳೆಯ ಫೈಲ್‌ಸಿಸ್ಟಮ್) ಡಿಸ್ಕ್‌ನಿಂದ ಬಂದರೆ ಹೋಗುವುದಿಲ್ಲ. ಅಲ್ಲಿ ಅದರ ಉದ್ದ 256.

ಐನೋಡಪ್ಪ

ಬಿಡಿಸಿದ ರೂಪ! ಹೌದು, ಅದನ್ನ ಬಿಟ್ಟಿದ್ದೆ. ನೀವೇ ಬರೀರಿ, ಮ್ಯಾಕ್ ನಿಮ್ಮ ಇಲಾಖೆ.

ಮಲೆನಾಡ_ಮ್ಯಾಕ್

ಕನ್ನಡದ ಐದು ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು, ಎರಡೂ ಅಧಿಕೃತವಾಗಿ ಸಮಾನ. ಈಕಾರ, ಏಕಾರ, ಐಕಾರ, ಒಕಾರ, ಓಕಾರ. ಈಕಾರವನ್ನು ಒಂದೇ ಕೋಡ್ ಆಗಿ ಇಡಬಹುದು, ಇಲ್ಲವೇ ಇಕಾರ ಮತ್ತು ದೀರ್ಘದ ಗುರುತು ಎಂದು ಎರಡಾಗಿ. ಐಕಾರವೂ ಎರಡಾಗುತ್ತದೆ. ಓಕಾರ ಒಡೆದರೆ ಮೂರಾಗುತ್ತದೆ: ಎಕಾರ, ಊಕಾರದ ಚಿಹ್ನೆ, ದೀರ್ಘದ ಗುರುತು. 3 ಬೈಟ್ ಇದ್ದದ್ದು 9.

ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ತಾನೇ ಬಿಡಿಸಿಯೇ ಇಡುತ್ತದೆ. ನೀವು ಹೇಗೆ ಟೈಪ್ ಮಾಡಿದಿರಿ ಎಂಬುದು ಅದಕ್ಕೆ ಬೇಡ. ಆ ಹೆಸರಿನಲ್ಲಿ "ಮೈ" ಒಂದು, "ನೀ" ಒಂದು. ಎರಡು ಕೋಡ್ ಹೆಚ್ಚಾಗಿ 6 ಬೈಟ್, 250 ಇದ್ದದ್ದು 256. 2017ರಲ್ಲಿ ಬಂದ ಎಪಿಎಫ್‌ಎಸ್ ಹೀಗೆ ಮಾಡುವುದಿಲ್ಲ, ಕೊಟ್ಟ ರೂಪದಲ್ಲೇ ಇಟ್ಟುಕೊಂಡು ಹೋಲಿಸುವಾಗ ಎರಡನ್ನೂ ಒಂದೇ ಎನ್ನುತ್ತದೆ. ಆದರೆ ಮ್ಯಾಕ್‌ನ ಎಷ್ಟೋ ಅಪ್ಲಿಕೇಶನ್‌ಗಳು ಈಗಲೂ ಬಿಡಿಸಿದ ರೂಪವನ್ನೇ ಅದರ ಕೈಗೆ ಕೊಡುತ್ತವೆ. ಆದ್ದರಿಂದ ಹೊಸ ಮ್ಯಾಕ್ ಎಂದು ನಂಬಿ ಕೂರಬೇಡಿ.

ಎಕ್ಸ್‌ಟಿ4 ಬೈಟ್ ಬೈಟ್ ಹೋಲಿಸುತ್ತದೆ, ಎನ್‌ಟಿಎಫ್‌ಎಸ್ ಕೂಡ ಇವೆರಡನ್ನು ಒಂದು ಎಂದು ನೋಡುವುದಿಲ್ಲ. ಕಣ್ಣಿಗೆ ಒಂದೇ, ಡಿಸ್ಕ್‌ಗೆ ಎರಡು.

ಹಳೇಕಡತ

ಓ! ಒಂದು ಫೋಲ್ಡರ್‌ನಲ್ಲಿ "ಕೋಲಾರ" ಎಂಬ ಫೈಲು ಎರಡಿವೆ, ಎಕ್ಸ್‌ಟೆನ್ಶನ್ ಕೂಡ ಒಂದೇ. ವೈರಸ್ ಎಂದುಕೊಂಡು ಹಾಗೇ ಬಿಟ್ಟಿದ್ದೆವು. ಆ ಫೋಲ್ಡರ್‌ಗೆ ಮ್ಯಾಕ್‌ನಿಂದಲೂ ಸೇರಿಸುತ್ತಿದ್ದರು.

ಮಲೆನಾಡ_ಮ್ಯಾಕ್

ವೈರಸ್ ಅಲ್ಲ. ಒಂದು 15 ಬೈಟ್‌ನ ಕೋಲಾರ, ಇನ್ನೊಂದು 21 ಬೈಟ್‌ನ ಕೋಲಾರ. ಎಲ್‌ಎಸ್ ಔಟ್‌ಪುಟ್ ಅನ್ನು ಎಕ್ಸ್‌ಎಕ್ಸ್‌ಡಿಗೆ ಹಾಯಿಸಿ ನೋಡಿ, ಬೈಟ್‌ಗಳು ಕಾಣುತ್ತವೆ.

ಲಿನಕ್ಸ್‌ನಲ್ಲಿ ಸರಿಪಡಿಸಲು ಕಾನ್ವ್‌ಎಮ್‌ವಿ ಎಂಬ ಪ್ರೋಗ್ರಾಮ್ ಇದೆ. ಮೂಲ ಎನ್‌ಕೋಡಿಂಗ್ ಯುಟಿಎಫ್8, ಗುರಿಯೂ ಯುಟಿಎಫ್8, ಜೊತೆಗೆ ಎನ್‌ಎಫ್‌ಸಿ (ಕೂಡಿಸಿದ ರೂಪ) ಆಯ್ಕೆ, ಒಳಫೋಲ್ಡರ್‌ಗಳಿಗೂ ಬೇಕಿದ್ದರೆ ಆರ್. ಹೀಗಷ್ಟೇ ಕೊಟ್ಟರೆ ಏನೇನು ಬದಲಾಗಬಹುದೆಂದು ತೋರಿಸುತ್ತದೆಯೇ ಹೊರತು ಬದಲಿಸುವುದಿಲ್ಲ. ಪಟ್ಟಿ ಓದಿ ನೋಡಿ, ಆಮೇಲೆ ನೋಟೆಸ್ಟ್ ಆಯ್ಕೆ ಸೇರಿಸಿ ಓಡಿಸಿ. ಕೋಲಾರದಂಥ ಜೋಡಿಗಳನ್ನು ಮೊದಲು ಕೈಯಾರೆ ನೋಡಿ, ಎರಡರ ಚೆಕ್‌ಸಮ್ ಒಂದೇ ಇದ್ದರೆ ಒಂದನ್ನು ತೆಗೆಯಿರಿ, ಬೇರೆ ಇದ್ದರೆ ಒಂದಕ್ಕೆ ಬೇರೆ ಹೆಸರು ಕೊಡಿ.

ನೇರವಾಗಿ ಮ್ಯಾಕ್‌ನಿಂದಲೇ ಕಳಿಸುವವರು ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಗೆ "ಯುಟಿಎಫ್-8-ಮ್ಯಾಕ್, ಯುಟಿಎಫ್-8" ಎಂದು ಕೊಟ್ಟರೆ ದಾರಿಯಲ್ಲೇ ಕೂಡಿಸಿಕೊಳ್ಳುತ್ತದೆ. ಮ್ಯಾಕ್ ಜೊತೆಗೆ ಬರುವ ಆರ್‌ಸಿಂಕ್ ಇದಕ್ಕೆ ಸಾಲದು, ಹೋಮ್‌ಬ್ರೂನಿಂದ ಹೊಸದನ್ನು ಹಾಕಿಕೊಳ್ಳಿ.

ಬೈಟು_ಕಾಫಿ

ಮ್ಯಾಕ್ ಮಾತ್ರ ಅಲ್ಲ, ಹಳೆಯ ನುಡಿ, ಬರಹ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವ ಕೆಲವು ಪರಿವರ್ತಕಗಳೂ ಇದೇ ಕೆಲಸ ಮಾಡುತ್ತವೆ. ಆ ಫಾಂಟ್‌ಗಳಲ್ಲಿ ದೀರ್ಘ ಒಂದು ಪ್ರತ್ಯೇಕ ಗುರುತು. ಪರಿವರ್ತಕ ಅದನ್ನು ಹಿಂದಿನ ಚಿಹ್ನೆಯೊಂದಿಗೆ ಕೂಡಿಸದೆ ಹಾಗೇ ಬಿಟ್ಟರೆ ಬಿಡಿಸಿದ ರೂಪ ತಯಾರು. ಅಂಥ ಪಠ್ಯದಿಂದ ಶೀರ್ಷಿಕೆ ನಕಲಿಸಿ ಫೈಲಿಗೆ ಹೆಸರಿಟ್ಟರೆ ವಿಂಡೋಸ್‌ನಲ್ಲೇ ಎರಡೆರಡು "ಬೀದರ್" ಹುಟ್ಟುತ್ತವೆ.

ಇನ್ನೊಂದು ಕಾಣದ ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ. "ಫೈಲ್‌ಗಳು" ಎಂದು ಒತ್ತಿಲ್ಲದೆ ಬರೆಯಲು ಲಕಾರದ ವಿರಾಮದ ನಂತರ ಇದನ್ನು ಹಾಕುತ್ತೇವೆ. ಅದಕ್ಕೂ 3 ಬೈಟ್. ಹೆಸರಿನ ತುದಿಯಲ್ಲಿ ಉಳಿದುಬಿಟ್ಟರೆ ಕಣ್ಣಿಗೆ ಕಾಣುವುದೇ ಇಲ್ಲ, ಟೈಪ್ ಮಾಡಿ ಹುಡುಕಿದರೆ ಫೈಲು ಸಿಗುವುದಿಲ್ಲ. ಇದನ್ನು ಕಾನ್ವ್‌ಎಮ್‌ವಿ ಮುಟ್ಟುವುದಿಲ್ಲ, ಏಕೆಂದರೆ ಅರ್ಥವುಳ್ಳ ಕಡೆಯೂ ಇರುತ್ತದೆ. ತುದಿಯಲ್ಲಿರುವವನ್ನು, ಒಂದರ ಹಿಂದೆ ಒಂದು ಎರಡು ಸಲ ಬಂದವನ್ನು ಮಾತ್ರ ನಿಮ್ಮ ಸ್ಕ್ರಿಪ್ಟ್‌ನಲ್ಲಿ ತೆಗೆಯಿರಿ. ಎಲ್ಲವನ್ನೂ ತೆಗೆದರೆ "ರಾಜ್‌ಕುಮಾರ್" ಒತ್ತಕ್ಷರವಾಗಿಬಿಡುತ್ತಾರೆ.

(ಎಚ್‌ಎಫ್‌ಎಸ್ ಪ್ಲಸ್ ಹೋಲಿಸುವಾಗ ಈ ಕಾಣದ ಅಕ್ಷರಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅದೇ ಸಂದಿಯಿಂದ ಗಿಟ್ ಎಂಬ, ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಪ್ರೋಗ್ರಾಮ್‌ನ ಒಳಫೋಲ್ಡರ್ ಮೇಲೆ ಬೇರೆಯವರ ಫೈಲು ಬರೆಯಬಹುದೆಂದು ತಿಳಿದು 2014ರ ಡಿಸೆಂಬರ್‌ನಲ್ಲಿ ಗಿಟ್ ತುರ್ತು ತಿದ್ದುಪಡಿ ಹೊರಡಿಸಬೇಕಾಯಿತು.)

ಪೆನ್‌ಡ್ರೈವ್_ಪುಟ್ಟ

ಇಷ್ಟೆಲ್ಲ ಯಾಕೆ, ಎಲ್ಲಾನೂ ಎಕ್ಸ್‌ಫ್ಯಾಟ್ ಮಾಡಿದ್ರೆ ವಿಂಡೋಸು, ಮ್ಯಾಕು, ಲಿನಕ್ಸು ಮೂರರಲ್ಲೂ ಓದುತ್ತಲ್ಲ? ಹೆಸರೂ 255 ಘಟಕ ಸಿಗುತ್ತೆ.

ಐನೋಡಪ್ಪ

ಸಾಗಿಸೋಕೆ ಚೆನ್ನ. ಹೆಸರಿನ ಒಂದೊಂದು ನಮೂದಿನಲ್ಲಿ 15 ಘಟಕದ ತುಂಡು, 17 ತುಂಡು ಸೇರಿದರೆ 255. ಫ್ಯಾಟ್32ರ 4 ಜಿಬಿ ಮಿತಿಯೂ ಇಲ್ಲ. ಅಲ್ಲಿ ಗಾತ್ರ ಬರೆಯೋಕೆ ಇದ್ದದ್ದು 32 ಬಿಟ್, ಹಾಗಾಗಿ 4 ಜಿಬಿಗೆ ಒಂದು ಬೈಟ್ ಕಡಿಮೆ.

ಕಾಯಮ್ಮಾಗಿ ಇಡೋಕೆ ಬೇಡ. ಜರ್ನಲ್ ಇಲ್ಲ. ಬರೆಯೋ ಹೊತ್ತಲ್ಲಿ ಕೇಬಲ್ ಕಿತ್ತರೆ ಯಾವ ಕ್ಲಸ್ಟರ್ ಯಾರದು ಅನ್ನೋ ನಕ್ಷೆ, ಫೋಲ್ಡರ್ ನಮೂದು ಎರಡೂ ಹೊಂದದೆ ನಿಲ್ತವೆ. ಎಕ್ಸ್‌ಟಿ4, ಎನ್‌ಟಿಎಫ್‌ಎಸ್ ಎರಡೂ ಮಾಡೋ ಬದಲಾವಣೆಯನ್ನ ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ತವೆ. ಮತ್ತೆ ಆನ್ ಆದಾಗ ಅದನ್ನ ನೋಡಿ ಪೂರ್ತಿ ಮಾಡ್ತವೆ, ಇಲ್ಲ ಕೈಬಿಡ್ತವೆ.

ಹಳೇಕಡತ

ಇನ್ನೊಂದು ಊರಿನ ಬಳಗಕ್ಕೆ ಕಳಿಸುವ ಪ್ರತಿಯನ್ನು ಎಕ್ಸ್‌ಫ್ಯಾಟ್ ಡಿಸ್ಕ್‌ಗೇ ಹಾಕುತ್ತಿದ್ದೇವೆ. ಅಲ್ಲೊಂದು ಗೊಂದಲ. ಓಸಿಆರ್ ಪಠ್ಯ (ಸ್ಕ್ಯಾನ್ ಚಿತ್ರದಿಂದ ಕಂಪ್ಯೂಟರ್ ಓದಿ ತೆಗೆದ ಅಕ್ಷರ) ಪುಟಕ್ಕೊಂದು ಫೈಲಿನಂತೆ ಸುಮಾರು 4 ಲಕ್ಷ ಇವೆ, ಒಂದೊಂದೂ 2-3 ಕೆಬಿ. ಒಟ್ಟು 1 ಜಿಬಿ ಎಂದು ತೋರಿಸುತ್ತದೆ, ಆದರೆ ಡಿಸ್ಕ್‌ನಲ್ಲಿ 50 ಜಿಬಿ ಮಾಯ.

ಬೈಟು_ಕಾಫಿ

ಪ್ರಾಪರ್ಟೀಸ್‌ನಲ್ಲಿ "ಸೈಜ್" ಮತ್ತು "ಸೈಜ್ ಆನ್ ಡಿಸ್ಕ್" ಎಂದು ಎರಡು ಸಾಲಿರುತ್ತವೆ, ಕೆಳಗಿನದನ್ನು ನೋಡಿ. ಫೈಲಿಗೆ ಜಾಗ ಸಿಗುವುದು ಕ್ಲಸ್ಟರ್ ಲೆಕ್ಕದಲ್ಲಿ. 32 ಜಿಬಿಗಿಂತ ದೊಡ್ಡ ಎಕ್ಸ್‌ಫ್ಯಾಟ್ ಡಿಸ್ಕ್‌ಗೆ ವಿಂಡೋಸ್ ತಾನಾಗಿ ಆರಿಸುವ ಕ್ಲಸ್ಟರ್ 128 ಕೆಬಿ. 2 ಕೆಬಿಯ ಫೈಲೂ ಅಷ್ಟನ್ನೂ ಹಿಡಿದು ಕೂರುತ್ತದೆ. 4 ಲಕ್ಷ ಗುಣಿಸು 128 ಕೆಬಿ, ನಿಮ್ಮ 50 ಜಿಬಿ ಅಲ್ಲಿದೆ. ಎಕ್ಸ್‌ಟಿ4ರಲ್ಲಿ ಬ್ಲಾಕ್ 4 ಕೆಬಿ, ಇವೇ ಫೈಲುಗಳು ಒಂದೂವರೆ ಜಿಬಿ ಚಿಲ್ಲರೆಯಲ್ಲಿ ಮುಗಿಯುತ್ತವೆ. ಎನ್‌ಟಿಎಫ್‌ಎಸ್‌ನಲ್ಲಿ ಇನ್ನೂ ಸೊಗಸು, ಐನೂರು ಆರುನೂರು ಬೈಟ್‌ನ ಪುಟಾಣಿ ಫೈಲಾದರೆ ಎಂಎಫ್‌ಟಿ ದಾಖಲೆಯೊಳಗೇ ಸೇರಿಹೋಗುತ್ತದೆ, ಬೇರೆ ಕ್ಲಸ್ಟರ್ ಬೇಕಿಲ್ಲ.

ಪುಸ್ತಕಕ್ಕೊಂದು ಝಿಪ್ ಮಾಡಿ. ಜಾಗವೂ ಉಳಿಯುತ್ತದೆ, ನಕಲೂ ಬೇಗ ಆಗುತ್ತದೆ, ಏಕೆಂದರೆ ಸಣ್ಣ ಫೈಲುಗಳಲ್ಲಿ ಹೊತ್ತು ತಿನ್ನುವುದು ಮಾಹಿತಿಯಲ್ಲ, ನಮೂದು ಬರೆಯುವ ಕೆಲಸ. ಝಿಪ್ ಮಾಡುವ ಪ್ರೋಗ್ರಾಮ್ ಹೆಸರುಗಳಿಗೆ ಯುಟಿಎಫ್-8 ಗುರುತು ಹಾಕುತ್ತದೆಯೇ ಎಂದು ಒಂದು ಫೈಲಿನಲ್ಲಿ ನೋಡಿಕೊಳ್ಳಿ. ಹಾಕದಿದ್ದರೆ ಬಿಚ್ಚಿದ ಕಡೆ ಕನ್ನಡ ಹೆಸರುಗಳು ಚಿತ್ರಾನ್ನ.

ಪೆನ್‌ಡ್ರೈವ್_ಪುಟ್ಟ

ಜಾಗದ ಮಾತು ಬಂತಲ್ಲ. 2 ಟಿಬಿ ಡಿಸ್ಕ್ ತಂದು ಎಕ್ಸ್‌ಟಿ4 ಮಾಡಿದ್ರೆ ಖಾಲಿ ಡಿಸ್ಕ್‌ನಲ್ಲೇ 1.7 ಟಿಬಿ ಸುಮಾರು ಮಾತ್ರ ಸಿಗ್ತಿದೆ. ಉಳಿದಿದ್ದು?

ಹುಬ್ಬಳ್ಳಿ_ಸರ್ವರ್

ಮೂರು ಕಡೆ ಹೋಗೇತ್ರಿ. ಪೆಟ್ಟಿಗಿ ಮ್ಯಾಲ 2 ಟಿಬಿ ಅಂದ್ರ ಎರಡು ಲಕ್ಷ ಕೋಟಿ ಬೈಟ್. ಕಂಪ್ಯೂಟರ್ 1024ರ ಮಗ್ಗಿ ಹೇಳ್ತದ, ಅದಕ್ಕ 1.82 ಕಾಣ್ತದ. ಇದು ಹೋಗಿದ್ದಲ್ಲ, ಎಣಿಸೋ ರೀತಿ.

ಎರಡನೇದು ಐನೋಡ್ ಪಟ್ಟಿ. ಫಾರ್ಮ್ಯಾಟ್ ಮಾಡುವಾಗ ಪ್ರತಿ 16 ಕೆಬಿಗೆ ಒಂದು ಐನೋಡ್ ಅಂತ ಮೊದಲ ಜಾಗ ತೆಗೆದಿಡ್ತದ, ಒಂದಕ್ಕ 256 ಬೈಟ್. 2 ಟಿಬಿಗೆ 12 ಕೋಟಿ ಐನೋಡ್, 31 ಜಿಬಿ. ಸ್ಕ್ಯಾನ್ ಮಾಡಿದ ದೊಡ್ಡ ಪಿಡಿಎಫ್ ಇಡೋ ಡಿಸ್ಕ್‌ಗೆ ಇಷ್ಟು ಬೇಕಿಲ್ಲರಿ. ಎಂಕೆಎಫ್‌ಎಸ್‌ಗೆ ದೊಡ್ಡಕ್ಷರದ ಟಿ, ಮುಂದ ಲಾರ್ಜ್‌ಫೈಲ್ ಅಂತ ಕೊಟ್ರ 1 ಎಂಬಿಗೆ ಒಂದು ಐನೋಡ್ ಆಗ್ತದ. ಆದ್ರ ಹಳೇಕಡತ ಸಾಹೇಬ್ರ, ನಿಮ್ಮ 4 ಲಕ್ಷ ಪುಟ ಅದೇ ಡಿಸ್ಕ್‌ನ್ಯಾಗ ಇಡೋರಿದ್ರ ಲಾರ್ಜ್‌ಫೈಲ್ ಬ್ಯಾಡ. 2 ಟಿಬಿಗೆ ಸುಮಾರು 19 ಲಕ್ಷ ಐನೋಡ್ ಅಷ್ಟ ಆಗ್ತಾವ. ಇವತ್ತು ಸಾಕಾದೀತು, ಆಮ್ಯಾಲ ಹೆಚ್ಚಿಗಿ ಮಾಡಾಕ ಬರೂದಿಲ್ಲ, ಮತ್ತ ಫಾರ್ಮ್ಯಾಟ್ ಮಾಡಬೇಕು.

ಮೂರನೇದು ರೂಟ್‌ಗಂತ (ಸಿಸ್ಟಮ್ ನಡೆಸೋ ಮುಖ್ಯ ಖಾತೆಗೆ) ಕಾದಿಟ್ಟ 5 ಪ್ರತಿಶತ, ಅಂದ್ರ 100 ಜಿಬಿ. ಸಿಸ್ಟಮ್ ಇರೋ ಪಾರ್ಟಿಶನ್‌ಗೆ ಅದು ಬೇಕು. ಬರೇ ಕಡತ ಇಡೋ ಡಿಸ್ಕ್‌ಗೆ ಟ್ಯೂನ್2ಎಫ್‌ಎಸ್‌ನ ಎಮ್ ಆಯ್ಕೆಗೆ 1 ಅಂತ ಕೊಡ್ರಿ, ಆ ಕ್ಷಣಕ್ಕ 80 ಜಿಬಿ ವಾಪಸ್ ಬರ್ತದ. ಮಾಹಿತಿಗೆ ಏನೂ ಆಗೂದಿಲ್ಲ.

ಐನೋಡಪ್ಪ

ಐನೋಡ್ ಮುಗಿದಾಗ ಬರೋ ಸಂದೇಶವೂ "ನೋ ಸ್ಪೇಸ್ ಲೆಫ್ಟ್" ಅಂತಲೇ, ಜಾಗ ಅರ್ಧ ಖಾಲಿ ಇದ್ದರೂ. ಖಾಲಿ ಜಾಗ ತೋರಿಸೋ ಡಿಎಫ್ ಕಮಾಂಡ್‌ಗೆ ಐ ಆಯ್ಕೆ ಕೊಟ್ಟರೆ ಗೊತ್ತಾಗುತ್ತೆ. 20 ಜಿಬಿಯ ಸಣ್ಣ ಕ್ಲೌಡ್ ಸರ್ವರ್‌ನಲ್ಲಿ ಇರೋದು 13 ಲಕ್ಷ ಐನೋಡ್. ಥಂಬ್‌ನೇಲ್, ಸೆಶನ್ ಫೈಲು ಅಂತ ತುಂಬ್ತಾ ಹೋದರೆ ಬೇಗ ಮುಗಿಯುತ್ತೆ.

ಅದರ ಉಲ್ಟಾ ಕೂಡ ಇದೆ: ದೊಡ್ಡ ಲಾಗ್ ಫೈಲು ಅಳಿಸಿದೀರಿ, ಫೈಲುಗಳ ಗಾತ್ರ ಕೂಡಿಸಿ ಹೇಳೋ ಡಿಯು ಅಲ್ಲಿ ಇಲ್ಲ, ಡಿಎಫ್ ಅಲ್ಲಿ ಜಾಗ ವಾಪಸ್ ಬಂದಿಲ್ಲ. ಮೇಲೆ ಬೈಟು ಹೇಳಿದ ಹಾಗೆ ನೀವು ಕಿತ್ತದ್ದು ಹೆಸರು ಮಾತ್ರ. ಯಾವುದೋ ಪ್ರೋಗ್ರಾಮ್ ಅದನ್ನ ತೆರೆದು ಇಟ್ಟುಕೊಂಡಿದ್ದರೆ ಐನೋಡ್ ಬಿಡುಗಡೆ ಆಗಲ್ಲ. ಎಲ್‌ಎಸ್‌ಒಎಫ್‌ಗೆ "+ಎಲ್1" ಅಂತ ಕೊಡಿ, ಯಾರು ಹಿಡಿದಿದ್ದಾರೆ ಅನ್ನೋದು ಬರುತ್ತೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬರುತ್ತೆ. ತಪ್ಪಿ ಅಳಿಸಿದ್ದಾದರೆ ರೀಸ್ಟಾರ್ಟ್ ಮಾಡೋಕೆ ಮೊದಲೇ ಪ್ರಾಕ್ ಫೋಲ್ಡರ್‌ನಲ್ಲಿ ಆ ಪ್ರೋಗ್ರಾಮಿನ ಎಫ್‌ಡಿ ಒಳಗಿಂದ ನಕಲು ತೆಗೆದುಕೊಳ್ಳಿ. ಆಮೇಲೆ ಎಕ್ಸ್‌ಟಿ4ರಲ್ಲಿ ಹುಡುಕೋದು ಕಷ್ಟ, ಅಳಿಸುವಾಗ ಐನೋಡ್‌ನಲ್ಲಿರೋ ಬ್ಲಾಕ್ ನಕ್ಷೆಯನ್ನೂ ಒರೆಸಿಬಿಡುತ್ತೆ.

ಹಳೇಕಡತ

ಎಲ್ಲರಿಗೂ ನಮಸ್ಕಾರ. ಮಾಡಬೇಕಾದ ಕೆಲಸಗಳ ಅನುಕ್ರಮ ಒಂದು ಸಲ ಹೇಳಿಬಿಡಿ. ಚೆಕ್‌ಸಮ್ ಮೊದಲು ತೆಗೆದಿಟ್ಟುಕೊಂಡರೆ ಒಳ್ಳೆಯದಲ್ಲವೇ?

ಹುಬ್ಬಳ್ಳಿ_ಸರ್ವರ್

ಈಗಿನ ಸ್ಥಿತಿಯ ಚೆಕ್‌ಸಮ್ ಒಂದು ಇರ್ಲಿ, ಎಕ್ಸಿಫ್‌ಟೂಲ್ ಏನರ ಕೆಡಿಸಿದ್ರ ಮೂಲ ಯಾವುದು ಅಂತ ಗೊತ್ತಾಗ್ತದ. ಆದ್ರ ಕಳಿಸೋ ಪಟ್ಟಿ ಅದಲ್ಲ. ಚೆಕ್‌ಸಮ್ ಪಟ್ಟಿಯೊಳಗ ಫೈಲಿನ ಹೆಸರೂ ಬೈಟ್‌ಗಳಾಗೇ ಇರ್ತದ. ಬಿಡಿಸಿದ ರೂಪದಾಗ ಪಟ್ಟಿ ಮಾಡಿ, ಆಮ್ಯಾಲ ಕೂಡಿಸಿದ ರೂಪಕ್ಕ ಹೆಸರು ಬದಲಿಸಿದ್ರ "ಅಂಥ ಫೈಲೇ ಇಲ್ಲ" ಅಂತ ಸಾಲಾಗಿ ಬರ್ತದ, ಒಳಗಿನ ಮಾಹಿತಿ ಸರಿ ಇದ್ರೂ.

ಅದಕ್ಕ ಮೊದಲ ರೂಪ ಸರಿ ಮಾಡ್ರಿ, ಜೋಡಿ ಹೆಸರು ಬಿಡಿಸ್ರಿ. ಆಮ್ಯಾಲ ಕ್ರಮಸಂಖ್ಯೆ ಹಾಕಿ ಗಿಡ್ಡ ಮಾಡ್ರಿ. ನಂತರ ಪಿಡಿಎಫ್ ಒಳಗ ಶೀರ್ಷಿಕೆ ತುಂಬ್ರಿ. ಆಮ್ಯಾಲ ಶಾ256ಸಮ್ ತೆಗೆದು ಪಟ್ಟಿಯನ್ನ ಫೋಲ್ಡರ್‌ನೊಳಗ ಇಟ್ಟು ಆರ್‌ಸಿಂಕ್ ಓಡಿಸ್ರಿ. ಕೋಡ್ 0 ಬರೋತನಕ ಮತ್ತ ಮತ್ತ ಓಡಿಸ್ರಿ, ಹೋಗಿದ್ದನ್ನ ಅದು ಮತ್ತ ಕಳಿಸೂದಿಲ್ಲ.

ಬೈಟು_ಕಾಫಿ

ಒಂದು ಸೇರಿಸುತ್ತೇನೆ. ನಕಲು ಮುಗಿದ ಕೂಡಲೇ ಅಲ್ಲೇ ಚೆಕ್‌ಸಮ್ ಪರೀಕ್ಷಿಸಿದರೆ ಇತ್ತೀಚೆಗೆ ಬರೆದ ಫೈಲುಗಳನ್ನು ಡಿಸ್ಕ್‌ನಿಂದಲ್ಲ, ರ್‍ಯಾಮ್‌ನಲ್ಲಿರುವ ಕ್ಯಾಶ್‌ನಿಂದಲೇ ಓದುತ್ತದೆ. ಡಿಸ್ಕ್‌ಗೆ ಸರಿಯಾಗಿ ಇಳಿದಿದೆಯೇ ಎಂಬುದು ಆ ಪರೀಕ್ಷೆಯಿಂದ ಗೊತ್ತಾಗದು. ಡಿಸ್ಕ್ ಅನ್ನು ಅನ್‌ಮೌಂಟ್ ಮಾಡಿ, ಮತ್ತೆ ಮೌಂಟ್ ಮಾಡಿ, ಆಮೇಲೆ ಶಾ256ಸಮ್‌ಗೆ ಚೆಕ್ ಮತ್ತು ಕ್ವಾಯೆಟ್ ಆಯ್ಕೆ ಕೊಟ್ಟು ಓಡಿಸಿ. ಕ್ವಾಯೆಟ್ ಕೊಟ್ಟರೆ ತಪ್ಪಿದವನ್ನು ಮಾತ್ರ ತೋರಿಸುತ್ತದೆ. 1.2 ಟಿಬಿ ತಿರುಗುವ ಡಿಸ್ಕ್‌ನಲ್ಲಿ ಸೆಕೆಂಡಿಗೆ 120 ಎಂಬಿ ಓದಿದರೂ ಮೂರು ಗಂಟೆ ಹತ್ತಿರ ಬೇಕು, ರಾತ್ರಿ ಬಿಟ್ಟು ಮಲಗಿ.